ಒಂದೇ ತೂಬು, ಹಲವು ಗದ್ದೆ

ಕೃಷ್ಣರಾಜಸಾಗರದ ಎಡದಂಡೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯನ್ನು ಮಂಡ್ಯದ ಸೀಮೆಯಲ್ಲಿ ಹುಟ್ಟಿ ಬೆಳೆದ ಯಾವ ವಿದ್ಯಾರ್ಥಿಯೂ ಕಾಣದೆ ಇರಲಾರನು. ಹಿಂದೆ ಇರ್ವಿನ್ ನಾಲೆಯೆಂದು ಕರೆಯಲ್ಪಡುತ್ತಿದ್ದ ಈ ಜಲಮಾರ್ಗವು ಹುಲಿಕೆರೆಯ ಬಳಿ ಗುಡ್ಡದೊಳಗೆ ಕೊರೆದ ಸುರಂಗವನ್ನು ಹಾದು, ಮುಂದೆ ಶಾಖೆಗಳಾಗಿ ಕವಲೊಡೆದು, ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಬಯಲನ್ನು ಸೇರುತ್ತದೆ. ನಾಲೆ ಒಂದೇ, ಅದನ್ನು ನಂಬಿದ ಗದ್ದೆಗಳು ಲೆಕ್ಕವಿಲ್ಲದಷ್ಟು. ತೂಬನ್ನು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂಬುದನ್ನು ಪ್ರತಿಯೊಬ್ಬ ಒಡೆಯನೂ ತನಗೆ ತೋಚಿದಂತೆ ನಿರ್ಧರಿಸಿದರೆ ಮೇಲಿನವನ ಗದ್ದೆ ಕೆರೆಯಾಗುತ್ತದೆ, ಕೊನೆಯವನ ಗದ್ದೆ ಬಿರುಕು ಬಿಡುತ್ತದೆ. ಆದುದರಿಂದಲೇ ಹಿರಿಯರು ತೂಬನ್ನೂ, ನೀರು ಬಿಡುವ ಕಟ್ಟು ಪದ್ಧತಿಯನ್ನೂ, ಇವೆರಡನ್ನೂ ನೋಡಿಕೊಳ್ಳುವ ನೀರುಗಂಟಿಯನ್ನೂ ಏರ್ಪಡಿಸಿದರು.

ಇಂಥದೇ ಒಂದು ಹಂಚಿಕೆ ಇಂದು ನಮ್ಮ ಕಣ್ಣಿಗೆ ಕಾಣದಂತೆ ಗಣಕಯಂತ್ರಗಳ ಲೋಕದಲ್ಲಿ ನಡೆಯುತ್ತಿದೆ. ಅಲ್ಲಿಯೂ ಹಲವರಿಗೆ ಸೇರಿದ ಒಂದು ಹೆಬ್ಬಾಗಿಲುಂಟು, ಬಾಗಿಲಿಗೊಬ್ಬ ಕಾವಲುಗಾರನುಂಟು. ಜಗತ್ತಿನಲ್ಲಿ ಅತ್ಯಂತ ಹೆಚ್ಚಾಗಿ ಬಳಕೆಯಲ್ಲಿದ್ದ ಇಂಥ ಕಾವಲುಗಾರರಲ್ಲೊಂದನ್ನು ನಿವೃತ್ತಿಗೊಳಿಸುವುದಾಗಿ 2025ರ ನವೆಂಬರ್ ತಿಂಗಳಿನಲ್ಲಿ ಪ್ರಕಟವಾಯಿತು. ಅದು ಯಾವುದು, ಏತಕ್ಕಾಗಿ ನಿವೃತ್ತವಾಯಿತು, ಅದರ ಸ್ಥಾನದಲ್ಲಿ ಮತ್ತೊಂದನ್ನು ನಿಲ್ಲಿಸುವುದು ಏಕೆ ಸುಲಭವಲ್ಲ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಯಂತ್ರಗಳ ಸಮೂಹ

ಮೂರು ಸಂಸ್ಥೆಗಳನ್ನು ಕಲ್ಪಿಸಿಕೊಳ್ಳೋಣ. ಮಂಡ್ಯದ ಕಬ್ಬು ಬೆಳೆಗಾರರ ಸಂಘವೊಂದು ಸದಸ್ಯರ ಬಾಕಿ ಹಣದ ಲೆಕ್ಕವನ್ನು ಅಂತರಜಾಲದಲ್ಲಿ ತೋರಿಸುತ್ತದೆ. ಮದ್ದೂರಿನ ಸಹಕಾರಿ ಬ್ಯಾಂಕೊಂದು ಖಾತೆದಾರರ ವ್ಯವಹಾರವನ್ನು ನಡೆಸುತ್ತದೆ. ಮಳವಳ್ಳಿಯ ಕಾಲೇಜೊಂದು ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸುತ್ತದೆ. ಮೂರಕ್ಕೂ ಬೇರೆ ಬೇರೆ ಯಂತ್ರಗಳನ್ನು ಕೊಂಡು ಇರಿಸುವುದು ದುಬಾರಿಯ ಕೆಲಸ. ಫಲಿತಾಂಶದ ದಿನ ಕಾಲೇಜಿನ ಯಂತ್ರಕ್ಕೆ ಉಸಿರಾಡಲೂ ಬಿಡುವಿರದು. ಉಳಿದ ದಿನಗಳಲ್ಲಿ ಅದಕ್ಕೆ ಕೆಲಸವೇ ಇರದು. ಆದಕಾರಣ ಮೂರೂ ಸಂಸ್ಥೆಗಳು ಒಂದೇ ಯಂತ್ರಸಮೂಹವನ್ನು ಹಂಚಿಕೊಂಡರೆ ಎಲ್ಲರಿಗೂ ಲಾಭ. ಯಂತ್ರಸಮೂಹಕ್ಕೆ ಕ್ಲಸ್ಟರ್ ಎಂದೂ, ಅದರಲ್ಲಿ ನೆಲೆಸಿರುವ ಇಂಥ ಒಬ್ಬೊಬ್ಬ ಪಾಲುದಾರನನ್ನು ಒಕ್ಕಲು ಎಂದೂ ಕರೆಯೋಣ.

ಇಂಥ ಸಮೂಹವನ್ನು ಆಳುವ ತಂತ್ರಾಂಶಗಳಲ್ಲಿ ಪ್ರಸಿದ್ಧವಾದುದು ಕುಬರ್ನೆಟಿಸ್. ಗ್ರೀಕ್ ಭಾಷೆಯಲ್ಲಿ ಈ ಶಬ್ದಕ್ಕೆ ಹಡಗಿನ ಚುಕ್ಕಾಣಿ ಹಿಡಿಯುವವನು ಎಂದು ಅರ್ಥ. ಗೂಗಲ್ ಸಂಸ್ಥೆಯ ಎಂಜಿನಿಯರುಗಳು 2014ರಲ್ಲಿ ಇದನ್ನು ಲೋಕದ ಮುಂದಿಟ್ಟರು. 2015ರ ಜುಲೈಯಲ್ಲಿ ಮೊದಲ ಪೂರ್ಣ ಆವೃತ್ತಿ ಹೊರಬಂದಿತು. ಕಂಟೇನರ್ ಎಂಬ ಪೆಟ್ಟಿಗೆಗಳಲ್ಲಿ ಕಟ್ಟಿಟ್ಟ ಕಾರ್ಯಕ್ರಮಗಳನ್ನು ಬಿಡುವಿರುವ ಯಂತ್ರಗಳ ಮೇಲೆ ಇರಿಸುವುದು, ಒಂದು ಯಂತ್ರ ಕೆಟ್ಟರೆ ಅದರ ಮೇಲಿದ್ದುದನ್ನು ಮತ್ತೊಂದರ ಮೇಲೆ ಎಬ್ಬಿಸುವುದು, ಬೇಡಿಕೆ ಏರಿದಾಗ ಪ್ರತಿಗಳನ್ನು ಹೆಚ್ಚಿಸುವುದು ಇದರ ಕೆಲಸ. ಹೀಗೆ ಒಟ್ಟಾಗಿ ಓಡುವ ಪೆಟ್ಟಿಗೆಗಳ ಚಿಕ್ಕ ಘಟಕಕ್ಕೆ ಪಾಡ್ ಎಂದು ಹೆಸರು. ಪ್ರತಿಯೊಂದು ಒಕ್ಕಲಿಗೂ ನೇಮ್‌ಸ್ಪೇಸ್ ಎಂಬ ಒಂದು ಪ್ರತ್ಯೇಕ ಹಿಡುವಳಿಯನ್ನು ಗುರುತು ಮಾಡಿಕೊಡಬಹುದು.

ಆದರೆ ಇಲ್ಲೊಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನೇಮ್‌ಸ್ಪೇಸ್ ಎಂಬುದು ಗದ್ದೆಯ ಬದುವಿನಂತೆ. ಅದು ಕೋಟೆಯ ಗೋಡೆಯಲ್ಲ. ಬೇರೆ ಏರ್ಪಾಡು ಮಾಡದಿದ್ದರೆ ಒಂದು ಹಿಡುವಳಿಯ ಪಾಡು ಮತ್ತೊಂದು ಹಿಡುವಳಿಯ ಪಾಡಿನೊಡನೆ ಅಡ್ಡಿಯಿಲ್ಲದೆ ಸಂಪರ್ಕ ಬೆಳೆಸಬಲ್ಲುದು. ಅದನ್ನು ತಡೆಯಲು ನೆಟ್‌ವರ್ಕ್ ಪಾಲಿಸಿ ಎಂಬ ನಿರ್ಬಂಧವನ್ನು ಬರೆಯಬೇಕು, ಮತ್ತು ಸಮೂಹದ ಜಾಲವ್ಯವಸ್ಥೆಯು ಆ ನಿರ್ಬಂಧವನ್ನು ಪಾಲಿಸುವಂಥದಾಗಿರಬೇಕು.

ಹೆಬ್ಬಾಗಿಲು ಮತ್ತು ಅದರ ಕಾವಲುಗಾರ

ಮಳವಳ್ಳಿಯ ವಿದ್ಯಾರ್ಥಿನಿಯೊಬ್ಬಳು ತನ್ನ ದೂರವಾಣಿಯಲ್ಲಿ ಫಲಿತಾಂಶದ ಪುಟವನ್ನು ಕೇಳಿದಳೆನ್ನಿ. ಅವಳ ಕೋರಿಕೆ ಸಮೂಹದ ಹೆಬ್ಬಾಗಿಲಿಗೆ ಬಂದು ನಿಲ್ಲುತ್ತದೆ. ಅದೇ ಕ್ಷಣದಲ್ಲಿ ಬ್ಯಾಂಕಿನ ಖಾತೆದಾರನ ಕೋರಿಕೆಯೂ ಅಲ್ಲಿಗೇ ಬಂದಿರುತ್ತದೆ. ನಾಲೆಯ ನೀರಿಗೂ ಈ ಪ್ರವಾಹಕ್ಕೂ ಇರುವ ಭೇದ ಇಲ್ಲಿಯೇ ಕಾಣುತ್ತದೆ. ನೀರಿನ ಹನಿಗೆ ಹೆಸರಿಲ್ಲ. ಯಾವ ಹನಿ ಯಾವ ಗದ್ದೆಗೆ ಹೋದರೂ ಪೈರು ಬೆಳೆಯುತ್ತದೆ. ಇಲ್ಲಿ ಪ್ರತಿಯೊಂದು ಕೋರಿಕೆಯೂ ತಾನು ಸೇರಬೇಕಾದ ತಾಣದ ಹೆಸರನ್ನೂ, ಅದರೊಳಗಿನ ಹಾದಿಯನ್ನೂ ಹೊತ್ತು ಬರುತ್ತದೆ. ಬ್ಯಾಂಕಿನ ಕೋರಿಕೆ ಕಾಲೇಜಿನ ಪಾಡಿಗೆ ಹೋಯಿತೆಂದರೆ ಅದು ತಪ್ಪು ಮಾತ್ರವಲ್ಲ, ಗುಟ್ಟು ಬಯಲಾದಂತೆ.

ಯಾವ ಹೆಸರು ಎಲ್ಲಿಗೆ ಎಂಬ ನಿಯಮವನ್ನು ಬರೆದಿಡಲು ಕುಬರ್ನೆಟಿಸ್ಸಿನಲ್ಲಿ 2015ರಲ್ಲಿಯೇ ಇಂಗ್ರೆಸ್ ಎಂಬ ನಮೂನೆ ಬಂದಿತು. ಒಳಬರುವಿಕೆ ಎಂದು ಅದರ ಅರ್ಥ. ನಿಯಮ ಬರೆದರಷ್ಟೇ ಸಾಲದು. ವಹಿಯಲ್ಲಿ ಸರದಿ ಬರೆದ ಮಾತ್ರಕ್ಕೆ ತೂಬು ತಾನಾಗಿ ಏಳುವುದಿಲ್ಲವಷ್ಟೆ. ನಿಯಮಗಳನ್ನು ಓದಿ ಅದರಂತೆ ಬಾಗಿಲನ್ನು ನಡೆಸುವ ತಂತ್ರಾಂಶವೊಂದು ಬೇಕು. ಇದಕ್ಕೆ ನಿಯಂತ್ರಕ ಎಂದು ಹೆಸರು. ಇದೇ ನಮ್ಮ ನೀರುಗಂಟಿ. ನಿಯಂತ್ರಕಗಳು ಹಲವಾರುಂಟು. ಅವುಗಳಲ್ಲಿ ಅತಿ ಪ್ರಚಾರಕ್ಕೆ ಬಂದುದು ಇಂಗ್ರೆಸ್ ಎಂಜಿನ್‌ಎಕ್ಸ್. ರಷ್ಯದ ಇಗೋರ್ ಸಿಸೋಯೆವ್ 2004ರಲ್ಲಿ ಪ್ರಕಟಿಸಿದ ಎಂಜಿನ್‌ಎಕ್ಸ್ ಎಂಬ ವೇಗಶಾಲಿಯಾದ ಸರ್ವರ್ ತಂತ್ರಾಂಶವನ್ನು ಒಳಗಿಟ್ಟುಕೊಂಡು, ಕುಬರ್ನೆಟಿಸ್ ಬಳಗದ ಸ್ವಯಂಸೇವಕರು ಇದನ್ನು ರಚಿಸಿದರು. ನಿವೃತ್ತಿಯಾದುದು ಈ ನಿಯಂತ್ರಕವೇ ಹೊರತು ಮೂಲವಾದ ಎಂಜಿನ್‌ಎಕ್ಸ್ ಅಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಬೀಗದ ಕೈಗಳ ಗೊಂಚಲು

ಇಂಗ್ರೆಸ್ ನಮೂನೆ ಬಹಳ ಸರಳ. ಹೆಸರು, ಹಾದಿ, ಸೇರಬೇಕಾದ ಸೇವೆ, ಗೂಢಲಿಪಿಯ ಪ್ರಮಾಣಪತ್ರ, ಇಷ್ಟೇ ಅದರಲ್ಲಿ ಬರೆಯಬಹುದಾದುದು. ಜನರ ಅಗತ್ಯಗಳು ಇದಕ್ಕಿಂತ ಬಹಳ ಹೆಚ್ಚು. ಆ ಕೊರತೆಯನ್ನು ತುಂಬಲು ನಿಯಂತ್ರಕವನ್ನು ರಚಿಸಿದವರು ಅನೊಟೇಶನ್ ಎಂಬ ಅಂಚಿನ ಟಿಪ್ಪಣಿಗಳನ್ನು ಬಳಕೆಗೆ ತಂದರು. ಅವುಗಳಲ್ಲಿ ಸ್ನಿಪೆಟ್ ಎಂಬ ಬಗೆಯೊಂದಿತ್ತು. ಅದರ ಮೂಲಕ ಒಕ್ಕಲು ತನಗೆ ಬೇಕಾದ ಎಂಜಿನ್‌ಎಕ್ಸ್ ಆಜ್ಞೆಗಳನ್ನೇ ನೇರವಾಗಿ ಬಾಗಿಲಿನ ವ್ಯವಸ್ಥೆಯೊಳಗೆ ಸೇರಿಸಬಹುದಾಗಿತ್ತು. ಸೌಕರ್ಯವೇನೋ ಅಪಾರ. ಆದರೆ ಬಾಗಿಲು ಎಲ್ಲರಿಗೂ ಸೇರಿದುದು! ಗದ್ದೆಯ ಒಡೆಯನೊಬ್ಬನಿಗೆ ನಾಲೆಯ ತೂಬನ್ನೇ ಬಿಚ್ಚಿ ತಿದ್ದುವ ಉಳಿ ಸುತ್ತಿಗೆಗಳನ್ನು ಕೊಟ್ಟಂತಾಯಿತು.

ಇದಕ್ಕೆ ಇನ್ನೊಂದು ಸಂಗತಿಯನ್ನು ಕೂಡಿಸಿ ನೋಡಬೇಕು. ಪ್ರತಿ ಒಕ್ಕಲಿನ ಸಂಕೇತಪದ, ಬೀಗದ ಕೈ, ಪ್ರಮಾಣಪತ್ರ ಮುಂತಾದುವನ್ನು ಕುಬರ್ನೆಟಿಸ್ ಸೀಕ್ರೆಟ್ ಎಂಬ ಹೆಸರಿನಲ್ಲಿ ಆಯಾ ಹಿಡುವಳಿಯೊಳಗೆ ಇರಿಸುತ್ತದೆ. ಇಂಗ್ರೆಸ್ ಎಂಜಿನ್‌ಎಕ್ಸ್ ನಿಯಂತ್ರಕವನ್ನು ಸಾಮಾನ್ಯ ರೀತಿಯಲ್ಲಿ ಸ್ಥಾಪಿಸಿದರೆ, ಸಮೂಹದ ಎಲ್ಲ ಹಿಡುವಳಿಗಳ ಸೀಕ್ರೆಟ್‌ಗಳನ್ನೂ ಓದುವ ಅಧಿಕಾರ ಅದಕ್ಕೆ ದೊರೆಯುತ್ತಿತ್ತು. ಹೀಗಾಗಿ ಕಾವಲುಗಾರನನ್ನು ವಂಚಿಸಿದವನಿಗೆ ಊರಿನ ಎಲ್ಲ ಮನೆಗಳ ಬೀಗದ ಕೈಗಳೂ ಒಂದೇ ಗೊಂಚಲಿನಲ್ಲಿ ಸಿಕ್ಕುತ್ತಿದ್ದವು. ಸ್ನಿಪೆಟ್ ಮಾರ್ಗವಾಗಿ ಇಂಥ ವಂಚನೆ ಸಾಧ್ಯವೆಂದು 2021ರಲ್ಲಿಯೇ ಪ್ರಕಟವಾಯಿತು.

2025ರ ಮಾರ್ಚ್ 24ರಂದು ಇನ್ನೂ ದೊಡ್ಡ ದೋಷ ಬೆಳಕಿಗೆ ಬಂದಿತು. ಅದನ್ನು ಕಂಡುಹಿಡಿದವರು ವಿಜ್ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು. ಅದರ ತೀವ್ರತೆಗೆ 10ಕ್ಕೆ 9.8 ಅಂಕ ಕೊಡಲಾಯಿತು. ದೋಷವಿದ್ದ ಸ್ಥಳ ಸ್ವಾರಸ್ಯಕರವಾದುದು. ಹೊಸದಾಗಿ ಬರುವ ನಿಯಮ ಸರಿಯಾಗಿದೆಯೇ ಎಂದು ಪರೀಕ್ಷಿಸಲು ನಿಯಂತ್ರಕದಲ್ಲಿ ಒಂದು ಭಾಗವುಂಟು. ಬಂದ ನಿಯಮದಿಂದ ಎಂಜಿನ್‌ಎಕ್ಸ್‌ಗೆ ಬೇಕಾದ ಆಜ್ಞಾಪತ್ರವನ್ನು ರಚಿಸಿ, ಅದನ್ನು ಪ್ರಾಯೋಗಿಕವಾಗಿ ಓದಿಸಿ ನೋಡುವುದು ಅದರ ಕ್ರಮ. ದುರುದ್ದೇಶದ ನಿಯಮವನ್ನು ಕಳುಹಿಸಿದರೆ ಆ ಪ್ರಾಯೋಗಿಕ ಓದಿನಲ್ಲಿಯೇ ಆಕ್ರಮಣಕಾರನ ಕಾರ್ಯಕ್ರಮ ಓಡಿಬಿಡುತ್ತಿತ್ತು. ವಿಷ ಬೆರೆತಿದೆಯೇ ಎಂದು ನೋಡಲು ರುಚಿ ನೋಡಿದವನೇ ವಿಷಕ್ಕೆ ಬಲಿಯಾದಂತೆ! ಪರೀಕ್ಷಾಭಾಗವನ್ನು ತಲುಪಲು ಯಾವ ಗುರುತುಚೀಟಿಯೂ ಬೇಕಿರಲಿಲ್ಲ. ಸಮೂಹದ ಒಳಜಾಲದಲ್ಲಿ ಒಂದು ನೆಲೆ ಸಿಕ್ಕಿದರೆ ಸಾಕಾಗಿತ್ತು. ಬದುವು ಕೋಟೆಯಲ್ಲವೆಂದು ಮೇಲೆ ಹೇಳಿದ ಮಾತಿನ ಮಹತ್ವ ಈಗ ತಿಳಿಯುತ್ತದೆ. ಮೂವರು ಒಕ್ಕಲುಗಳಲ್ಲಿ ಕಾಲೇಜಿನ ಹಳೆಯ ಕಾರ್ಯಕ್ರಮವೊಂದು ಶತ್ರುವಿನ ವಶವಾದರೂ ಬ್ಯಾಂಕಿನ ಸಂಕೇತಪದಗಳು ಅವನ ಕೈ ಸೇರಬಹುದಾಗಿತ್ತು. ದೋಷವನ್ನು ಸರಿಪಡಿಸಿದ ಆವೃತ್ತಿಗಳನ್ನು ಪ್ರಕಟಣೆಯೊಂದಿಗೇ ಬಿಡುಗಡೆ ಮಾಡಲಾಯಿತು.

ಕಾಯುವವರಿಲ್ಲದ ಕಾವಲು

ಇಷ್ಟು ಮುಖ್ಯವಾದ ತಂತ್ರಾಂಶವನ್ನು ನೋಡಿಕೊಳ್ಳಲು ಎಷ್ಟು ಮಂದಿ ಇದ್ದಿರಬಹುದು? ವಾಚಕರು ಊಹಿಸಲಾರರು. ಹಲವು ವರ್ಷಗಳ ಕಾಲ ಇದರ ಅಭಿವೃದ್ಧಿಯ ಭಾರವನ್ನು ಹೊತ್ತವರು ಒಬ್ಬಿಬ್ಬರು ಮಾತ್ರ. ಅದೂ ತಮ್ಮ ಉದ್ಯೋಗದ ತರುವಾಯ ಸಂಜೆಯಲ್ಲಿ, ರಜೆಯಲ್ಲಿ, ಸಂಬಳವಿಲ್ಲದೆ. ಇದರ ಬದಲಿಗೆ ಇನ್‌ಗೇಟ್ ಎಂಬ ಹೊಸ ನಿಯಂತ್ರಕವನ್ನು ಕಟ್ಟುವ ಯೋಜನೆ 2024ರಲ್ಲಿ ಹೊರಟಿತಾದರೂ ಸಹಾಯಕ್ಕೆ ಬಂದವರು ಸಾಲದೆ ಅದು ಬೆಳೆಯಲಿಲ್ಲ. ಕಡೆಗೆ 2025ರ ನವೆಂಬರಿನಲ್ಲಿ ಬಳಗದ ಹಿರಿಯರು ತೀರ್ಮಾನವನ್ನು ಪ್ರಕಟಿಸಿದರು: 2026ರ ಮಾರ್ಚ್‌ವರೆಗೆ ಕೈಲಾದಷ್ಟು ನೋಡಿಕೊಳ್ಳಲಾಗುವುದು, ಅನಂತರ ಹೊಸ ಆವೃತ್ತಿಯಿಲ್ಲ, ಭದ್ರತಾ ದೋಷ ಕಂಡುಬಂದರೂ ತಿದ್ದುಪಡಿಯಿಲ್ಲ. 2026ರ ಜನವರಿಯಲ್ಲಿ ಇದನ್ನು ಮತ್ತೆ ಎಚ್ಚರಿಸುತ್ತ, ಈ ಬಗೆಯ ಸಮೂಹಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇದೇ ನಿಯಂತ್ರಕವನ್ನು ಅವಲಂಬಿಸಿವೆಯೆಂದು ಹೇಳಿದರು.

ನಿವೃತ್ತಿಯಾದ ದಿನ ಯಾವ ಬಾಗಿಲೂ ಮುಚ್ಚಿಹೋಗುವುದಿಲ್ಲ. ಹಳೆಯ ನಿಯಂತ್ರಕ ಎಂದಿನಂತೆ ಓಡುತ್ತಲೇ ಇರುತ್ತದೆ. ಅಪಾಯವಿರುವುದೂ ಅಲ್ಲಿಯೇ. ದುರಸ್ತಿಯವನಿಲ್ಲದ ತೂಬು ನೀರನ್ನು ಬಿಡುತ್ತಲೇ ಇರುತ್ತದೆ; ತುಕ್ಕು ತಿಂದ ಹಲಗೆ ಮುರಿಯುವ ದಿನವನ್ನು ಅದು ಮುಂಚಿತವಾಗಿ ಹೇಳುವುದಿಲ್ಲ.

ಹೊಸ ತೂಬು

ಇಂಗ್ರೆಸ್ ನಮೂನೆಯ ಕೊರತೆಗಳನ್ನು ಅರಿತವರು ಗೇಟ್‌ವೇ ಎಪಿಐ ಎಂಬ ಹೊಸ ನಮೂನೆಯನ್ನು ರೂಪಿಸಿದರು; ಅದರ ಪೂರ್ಣ ಆವೃತ್ತಿ 2023ರ ಅಕ್ಟೋಬರ್ 31ರಂದು ಹೊರಬಂದಿತು. ಅಧಿಕಾರವನ್ನು ಮೂವರಲ್ಲಿ ಹಂಚಿರುವುದೇ ಇದರ ಮುಖ್ಯ ಲಕ್ಷಣ. ಯಾವ ಬಗೆಯ ಬಾಗಿಲುಗಳು ದೊರೆಯುತ್ತವೆ ಎಂಬುದನ್ನು ಮೂಲಸೌಕರ್ಯವನ್ನು ಒದಗಿಸುವವನು ಗೇಟ್‌ವೇ ಕ್ಲಾಸ್ ಎಂಬ ದಾಖಲೆಯಲ್ಲಿ ಬರೆಯುತ್ತಾನೆ. ಬಾಗಿಲನ್ನು ಎಲ್ಲಿ ನಿಲ್ಲಿಸಬೇಕು, ಯಾವ ಹೆಸರುಗಳಿಗೆ ತೆರೆಯಬೇಕು, ಯಾವ ಹಿಡುವಳಿಗಳು ಅದಕ್ಕೆ ಹಾದಿಗಳನ್ನು ಸೇರಿಸಬಹುದು ಎಂಬುದನ್ನು ಸಮೂಹದ ಆಡಳಿತಗಾರನು ಗೇಟ್‌ವೇ ಎಂಬ ದಾಖಲೆಯಲ್ಲಿ ಬರೆಯುತ್ತಾನೆ. ಆ ಹೆಸರಿನ ಯಾವ ಹಾದಿ ಯಾವ ಸೇವೆಗೆ ಎಂಬುದನ್ನು ಮಾತ್ರ ಒಕ್ಕಲು ಎಚ್‌ಟಿಟಿಪಿ ರೂಟ್ ಎಂಬ ದಾಖಲೆಯಲ್ಲಿ ಬರೆದುಕೊಳ್ಳುತ್ತದೆ.

ಇದರ ಪ್ರಯೋಜನವನ್ನು ಉದಾಹರಣೆಯಿಂದ ನೋಡೋಣ. ಹಳೆಯ ಕ್ರಮದಲ್ಲಿ ಬ್ಯಾಂಕಿನ ಹೆಸರನ್ನು ಕಾಲೇಜಿನವರು ತಮ್ಮ ನಿಯಮದಲ್ಲಿ ಬರೆದು, ಆ ಹೆಸರಿನಡಿ ಇನ್ನೂ ಯಾರೂ ಬಳಸದ ಹಾದಿಯೊಂದನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳಬಹುದಾಗಿತ್ತು. ಏಕೆಂದರೆ ಒಂದೇ ಹೆಸರಿನ ನಿಯಮಗಳು ಯಾವ ಹಿಡುವಳಿಯಿಂದ ಬಂದರೂ ನಿಯಂತ್ರಕವು ಅವನ್ನು ಒಟ್ಟುಗೂಡಿಸುತ್ತಿತ್ತು. ಹೊಸ ಕ್ರಮದಲ್ಲಿ ಬ್ಯಾಂಕಿನ ಹೆಸರಿಗೆ ಬ್ಯಾಂಕಿನ ಹಿಡುವಳಿಯಿಂದ ಬಂದ ಹಾದಿಗಳು ಮಾತ್ರ ಸೇರತಕ್ಕದ್ದೆಂದು ಆಡಳಿತಗಾರನು ಗೇಟ್‌ವೇ ದಾಖಲೆಯಲ್ಲಿ ಬರೆದಿಟ್ಟರೆ ಆಯಿತು. ಕಾಲೇಜಿನವರ ನಿಯಮ ಅಲ್ಲಿ ಅಂಟಿಕೊಳ್ಳುವುದೇ ಇಲ್ಲ. ಹಾಗೆಯೇ ಒಬ್ಬನ ಹಾದಿ ಮತ್ತೊಬ್ಬನ ಹಿಡುವಳಿಯ ಸೇವೆಯನ್ನು ತಲುಪಬೇಕಾದರೆ, ಆ ಹಿಡುವಳಿಯವನೇ ರೆಫರೆನ್ಸ್ ಗ್ರಾಂಟ್ ಎಂಬ ಒಪ್ಪಿಗೆಪತ್ರವನ್ನು ಬರೆದುಕೊಡಬೇಕು. ಪಕ್ಕದ ಗದ್ದೆಯ ಮೂಲಕ ಕಾಲುವೆ ತೆಗೆಯಬೇಕಾದರೆ ಆ ಗದ್ದೆಯ ಒಡೆಯನ ಒಪ್ಪಿಗೆ ಬೇಕೆಂಬ ನ್ಯಾಯ ಇದೇ ಅಲ್ಲವೆ?

ಆದರೂ ಹೊಸ ನಮೂನೆ ಬಂದ ಮಾತ್ರಕ್ಕೆ ಎಲ್ಲ ಅಪಾಯವೂ ತೀರಿತೆಂದು ತಿಳಿಯಬಾರದು. ಗೇಟ್‌ವೇ ಎಪಿಐ ಎಂಬುದು ವಹಿಯ ಕ್ರಮ. ಅದನ್ನು ಓದಿ ನಡೆಸುವ ನಿಯಂತ್ರಕವನ್ನು ಬೇರೆಯಾಗಿ ಆರಿಸಿಕೊಳ್ಳಬೇಕು. ಆ ನಿಯಂತ್ರಕಕ್ಕೆ ಎಲ್ಲ ಸೀಕ್ರೆಟ್‌ಗಳನ್ನೂ ಓದುವ ಅಧಿಕಾರ ಕೊಟ್ಟರೆ ಹಳೆಯ ಗೊಂಚಲು ಹೊಸ ಕೈಗೆ ಬಂದಂತಾಯಿತು, ಅಷ್ಟೆ. ಬ್ಯಾಂಕಿನಂಥ ಒಕ್ಕಲಿಗೆ ಪ್ರತ್ಯೇಕವಾದ ಬಾಗಿಲನ್ನೂ, ತನ್ನ ಹಿಡುವಳಿಯ ಬೀಗದ ಕೈಗಳನ್ನಷ್ಟೇ ಬಲ್ಲ ಪ್ರತ್ಯೇಕ ನಿಯಂತ್ರಕವನ್ನೂ ಏರ್ಪಡಿಸುವುದು ಹೆಚ್ಚು ಕ್ಷೇಮ.

ನೀರು ಹರಿಯುತ್ತಿರುವಾಗಲೇ

ನಾಲೆಯ ದುರಸ್ತಿಗೆ ನೀರು ನಿಲ್ಲಿಸುವ ಕಾಲವೊಂದುಂಟು. ಅಂತರಜಾಲಕ್ಕೆ ಅಂಥ ಬೇಸಗೆಯಿಲ್ಲ. ಕೋರಿಕೆಗಳ ಪ್ರವಾಹ ಹಗಲಿರುಳೂ ಹರಿಯುತ್ತಿರುವಾಗಲೇ ಬಾಗಿಲನ್ನು ಬದಲಿಸಬೇಕು. ಕೆಲಸದ ಕ್ರಮ ಹೀಗಿದೆ. ಮೊದಲು ಇರುವ ನಿಯಮಗಳನ್ನೂ ಟಿಪ್ಪಣಿಗಳನ್ನೂ ಒಂದೂ ಬಿಡದಂತೆ ಪಟ್ಟಿ ಮಾಡಬೇಕು. ಅನಂತರ ಹಳೆಯ ಬಾಗಿಲನ್ನು ಮುಟ್ಟದೆ ಅದರ ಪಕ್ಕದಲ್ಲಿ ಹೊಸ ಬಾಗಿಲನ್ನು ನಿಲ್ಲಿಸಬೇಕು. ನಿಯಮಗಳನ್ನು ಹೊಸ ನಮೂನೆಗೆ ತಿರುಗಿಸಲು ಇಂಗ್ರೆಸ್ ಟು ಗೇಟ್‌ವೇ ಎಂಬ ಉಪಕರಣವುಂಟು. ಅದು ಕೊಟ್ಟುದನ್ನು ಕರಡೆಂದು ತಿಳಿದು ಮನುಷ್ಯನ ಕಣ್ಣಿನಿಂದ ಓದಬೇಕು. ಮೂರನೆಯದಾಗಿ, ತಾಣದ ಹೆಸರನ್ನು ಸಂಖ್ಯಾವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್ ದಾಖಲೆಯ ನೆನಪಿನ ಅವಧಿ 86,400 ಸೆಕೆಂಡು, ಅಂದರೆ ಒಂದು ದಿನ, ಇದ್ದರೆ ಅದನ್ನು ಮುಂಚಿತವಾಗಿಯೇ 300 ಸೆಕೆಂಡಿಗೆ ಇಳಿಸಬೇಕು. ತಪ್ಪಾದರೆ 5 ನಿಮಿಷಗಳಲ್ಲಿ ಹಿಂದಿರುಗಲು ಇದರಿಂದ ಅನುಕೂಲ. ಆಮೇಲೆ ನೂರರಲ್ಲಿ ಐದು ಕೋರಿಕೆಗಳನ್ನು ಹೊಸ ಬಾಗಿಲಿಗೆ ಬಿಟ್ಟು, ಫಲವನ್ನು ನೋಡುತ್ತ ಪ್ರಮಾಣವನ್ನು ಏರಿಸಬೇಕು. ಎಲ್ಲವೂ ನೆಟ್ಟಗಾದ ಮೇಲೂ ಹಳೆಯ ಬಾಗಿಲನ್ನು ಕೆಲವು ದಿನ ಉಳಿಸಿಕೊಂಡಿದ್ದು, ತರುವಾಯ ತೆಗೆಯಬೇಕು.

ಕಷ್ಟವಿರುವುದು ಬರೆದ ನಿಯಮಗಳಲ್ಲಿ ಅಲ್ಲ, ಹಳೆಯ ಬಾಗಿಲಿನ ಬರೆಯದ ಅಭ್ಯಾಸಗಳಲ್ಲಿ. ಬೇರೇನೂ ಹೇಳದಿದ್ದರೆ ಇಂಗ್ರೆಸ್ ಎಂಜಿನ್‌ಎಕ್ಸ್ 1 ಮೆಗಾಬೈಟಿಗಿಂತ ದೊಡ್ಡ ಕಡತವನ್ನು ಒಳಗೆ ಬಿಡುವುದಿಲ್ಲ. ಒಳಗಿನ ಸೇವೆಯ ಉತ್ತರಕ್ಕಾಗಿ 60 ಸೆಕೆಂಡು ಕಾಯುತ್ತದೆ. ಒಂದು ಹೆಸರಿನ ಯಾವುದಾದರೊಂದು ನಿಯಮದಲ್ಲಿ ಅಕ್ಷರಮಾದರಿಯನ್ನು ಹೊಂದಿಸಿ ನೋಡುವ ಸೌಕರ್ಯವನ್ನು ಬಳಸಿದರೆ, ಆ ಹೆಸರಿನ ಇತರ ಎಲ್ಲ ನಿಯಮಗಳಿಗೂ ಅದು ಅನ್ವಯವಾಗಿ, ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳ ಭೇದ ಅಳಿದುಹೋಗುತ್ತದೆ. ಯಾರೋ ತಪ್ಪಾಗಿ ಬರೆದ ವಿಳಾಸ ಇದರ ದೆಸೆಯಿಂದಲೇ ವರ್ಷಗಟ್ಟಲೆ ಸರಿಯಾಗಿ ನಡೆದಿರಬಹುದು. ಹೊಸ ಬಾಗಿಲು ಅಕ್ಷರಶಃ ನಡೆದು ಆ ಕೋರಿಕೆಯನ್ನು ಹಿಂದಕ್ಕೆ ಕಳುಹಿಸೀತು.

ಇಂಥ ತಪ್ಪು ಬೇಗ ಗೊತ್ತಾಗುತ್ತದೆ. ಗದ್ದೆಗೆ ನೀರು ಬಾರದಿದ್ದರೆ ರೈತನು ಬೆಳಗಾಗುವುದರೊಳಗೆ ನೀರುಗಂಟಿಯ ಮನೆಯ ಮುಂದೆ ನಿಂತಿರುತ್ತಾನೆ. ಇದಕ್ಕಿಂತ ಘೋರವಾದುದು ಇನ್ನೊಂದು ಬಗೆಯ ತಪ್ಪು. ಬ್ಯಾಂಕಿನ ಆಡಳಿತಪುಟವನ್ನು ಕಚೇರಿಯ ವಿಳಾಸಗಳಿಂದ ಬಂದವರಿಗೆ ಮಾತ್ರ ತೋರಿಸತಕ್ಕದ್ದೆಂಬ ನಿರ್ಬಂಧ ಒಂದು ಟಿಪ್ಪಣಿಯಲ್ಲಿತ್ತೆಂದು ಭಾವಿಸಿ. ಹೊಸ ನಿಯಂತ್ರಕವು ಹಳೆಯದರ ಟಿಪ್ಪಣಿಯನ್ನು ಓದುವುದಿಲ್ಲ. ಆ ನಿರ್ಬಂಧವನ್ನು ಬೇರೆ ರೀತಿಯಲ್ಲಿ ಬರೆಯಲು ಮರೆತರೆ ಪುಟವು ಲೋಕಕ್ಕೆಲ್ಲ ತೆರೆದುಕೊಳ್ಳುತ್ತದೆ. ಆಗ ಯಾವ ಸೇವೆಯೂ ನಿಲ್ಲುವುದಿಲ್ಲ, ಯಾವ ಗ್ರಾಹಕನೂ ದೂರು ಹೇಳುವುದಿಲ್ಲ. ರಾತ್ರಿಯೆಲ್ಲ ಗಂಡಿಯಿಂದ ಹೆಚ್ಚು ನೀರು ಹರಿದುಹೋದರೆ ಆ ಗದ್ದೆಯವನು ಬಂದು ಹೇಳುವನೇ? ಆದುದರಿಂದ ಸ್ಥಳಾಂತರವನ್ನು ಪರೀಕ್ಷಿಸುವವನು, ತೆರೆಯಬೇಕಾದ ಬಾಗಿಲು ತೆರೆದಿದೆಯೇ ಎಂದು ನೋಡಿದರೆ ಸಾಲದು. ಮುಚ್ಚಿರಬೇಕಾದ ಪ್ರತಿಯೊಂದು ಬಾಗಿಲನ್ನೂ ಪರಕೀಯನಂತೆ ಹೊರಗಿನಿಂದ ತಟ್ಟಿ, ಅದು ಮುಚ್ಚಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಕಾಲೇಜಿನ ಹಿಡುವಳಿಯಲ್ಲಿ ನಿಂತು ಬ್ಯಾಂಕಿನ ಹೆಸರಿಗೆ ಹಾದಿಯೊಂದನ್ನು ಬರೆದು, ಅದು ತಿರಸ್ಕೃತವಾಗುವುದನ್ನು ಕಣ್ಣಾರೆ ಕಾಣಬೇಕು.

ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಹಲವರು ಮುಂದೆ ಇಂಥ ಯಂತ್ರಸಮೂಹಗಳ ನಡುವೆಯೇ ಕೆಲಸ ಮಾಡುವವರಾಗಬಹುದು. ಹೊಸ ನಾಲೆಯನ್ನು ತೋಡಿದವನ ಹೆಸರನ್ನು ಲೋಕ ನೆನೆಯುತ್ತದೆ. ತೂಬಿನ ಹಲಗೆಗೆ ವರ್ಷವರ್ಷವೂ ಎಣ್ಣೆ ಹಾಕಿದವನ ಹೆಸರನ್ನು ಯಾರೂ ಕೇಳುವುದಿಲ್ಲ. ಲೋಕದ ಅರ್ಧದಷ್ಟು ಸಮೂಹಗಳ ಬಾಗಿಲನ್ನು ಒಬ್ಬಿಬ್ಬರು ತಮ್ಮ ಬಿಡುವಿನ ವೇಳೆಯಲ್ಲಿ ಕಾಯುತ್ತಿದ್ದರೆಂಬ ಸಂಗತಿಯನ್ನು ಅದರ ನಿವೃತ್ತಿಯ ಪ್ರಕಟಣೆಯಿಂದ ತಿಳಿದವರೇ ಹೆಚ್ಚು. ಆ ಕೋಡು ಮೂಲವೆಲ್ಲ ಯಾರು ಬೇಕಾದರೂ ಓದಬಹುದಾದಂತೆ ತೆರೆದೇ ಇದ್ದಿತು. ಮಂಡ್ಯದಲ್ಲಿ ಕುಳಿತ ವಿದ್ಯಾರ್ಥಿಯೂ ಅದನ್ನು ಓದಬಹುದಾಗಿತ್ತು, ತಿದ್ದಬಹುದಾಗಿತ್ತು. ಅದರ ಸ್ಥಾನಕ್ಕೆ ಬಂದ ನಿಯಂತ್ರಕಗಳಲ್ಲಿಯೂ ಹಲವು ಹಾಗೆಯೇ ತೆರೆದಿವೆ. ಅವುಗಳಿಗೂ ನೀರುಗಂಟಿಗಳು ಬೇಕಾಗಿದ್ದಾರೆ.